ಖಾಲಿ ಫ್ರೇಮಿನೊಳಗೆ ಜೀರುಂಡೆಯಮ್ಮ

ನನ್ನ ಮೊಮ್ಮಗಳು ಮಾತಾಡಿದಳು. ಶಾಲೆಯಲ್ಲಿ, ಎಲ್ಲರ ಎದುರಿಗೆ, ಗಂಟಲು ಬಿಚ್ಚಿ ಮಾತಾಡಿದಳು. ಅದೂ ಎರಡೆರಡು ಭಾಷೆಯಲ್ಲಿ. ಆಸ್ಟ್ರೇಲಿಯಾಕ್ಕೆ ಹೋಗಿಬಂದವನು ಮೊದಲು ಕಡಲು, ಸೇತುವೆ, ಕಾಂಗರೂ ಬಗ್ಗೆ ಬರೆಯಬೇಕಂತೆ. ಅವೆಲ್ಲ ಅಲ್ಲಿದ್ದವು, ನೋಡಿದೆ, ಚೆನ್ನಾಗಿದ್ದವು. ಆದರೆ ಹೊಟ್ಟೆಯೊಳಗೆ ಇಷ್ಟು ಸಂತೋಷ ಇಟ್ಟುಕೊಂಡು ಕಾಂಗರೂ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಓದಿರುವುದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ತುಮಕೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡು ಬದುಕಿದವನು. ದೇವರು, ಮದುವೆ ಜೋಡಿ, ತೀರಿಕೊಂಡ ಹಿರಿಯರು, ಇವರ ಜೊತೆಗೆ ಶಾಲೆ ಕಚೇರಿಗಳ ಗೋಡೆಗೆ ಹೋಗುವ ದೊಡ್ಡವರು. ನೂರು ವರ್ಷದ ಹಿಂದಿನ ಕವಿಗಳು, ವಿಜ್ಞಾನಿಗಳು, ಮುಖಂಡರು ಅಷ್ಟೂ ಜನ ನನ್ನ ಕೈ ದಾಟಿ ಹೋಗಿದ್ದಾರೆ. ಅವರು ಏನೇನು ಮಾಡಿದರು ಎಂದು ಮಾತ್ರ ನನ್ನನ್ನು ಕೇಳಬೇಡಿ. ಪೇಟ ಯಾರದು, ಗಡ್ಡ ಯಾರದು, ದುಂಡು ಕನ್ನಡಕ ಯಾರದು, ಅಷ್ಟು ಗೊತ್ತು. ಗಿರಾಕಿಗಳಿಗೂ ಅಷ್ಟು ಸಾಕಾಗುತ್ತಿತ್ತು. ಒಬ್ಬರು ಹೆಡ್‌ಮಾಸ್ಟರು ಬಂದು, "ಯಾರಾದ್ರೂ ಆರು ಜನ ದೊಡ್ಡೋರ್ನ ಕೊಡಿ, ಗೋಡೆ ಬಿಕೋ ಅಂತಿದೆ" ಅಂದಿದ್ದರು.

ಸ್ಕೋಫೀಲ್ಡ್ಸ್

ಮಗಳು ಲತಾ, ಅಳಿಯ ಮಹೇಶ ಇರುವುದು ಸ್ಕೋಫೀಲ್ಡ್ಸ್ ಎಂಬ ಕಡೆ. ಹೆಸರಿಗೆ ಸಿಡ್ನಿ, ಆದರೆ ಸಮುದ್ರ ನೋಡಬೇಕೆಂದರೆ ತುಮಕೂರಿನಿಂದ ಬೆಂಗಳೂರಿಗೆ ಹೊರಟ ಹಾಗೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಮನೆಗಳು ಒಂದೇ ಅಳತೆಯ ಫ್ರೇಮುಗಳ ಹಾಗೆ ಸಾಲಾಗಿ ನಿಂತಿವೆ. ಬಂದ ಹೊಸದರಲ್ಲಿ ವಾಕಿಂಗ್ ಮುಗಿಸಿ ಬಂದವನು ಪಕ್ಕದ ಬೀದಿಯ ಯಾವುದೋ ಮನೆಯ ಬಾಗಿಲಿಗೆ ನಮ್ಮ ಬೀಗದಕೈ ತುರುಕಿ ಬಹಳ ಹೊತ್ತು ಗುದ್ದಾಡಿದೆ. ಒಳಗಿಂದ ಸರ್ದಾರ್ಜಿಯೊಬ್ಬ ಬಾಗಿಲು ತೆಗೆದ. ಬೈಯಲಿಲ್ಲ. ನಮ್ಮ ಮನೆತನಕ ಬಿಟ್ಟುಹೋದ. ಅವನ ಅಪ್ಪನೂ ಹೀಗೇ ಮಾಡುತ್ತಾರಂತೆ, ಈಗಲೂ ಯಾರದೋ ಬಾಗಿಲಲ್ಲಿ ಇರಬಹುದು, ಹುಡುಕಿಕೊಂಡು ಹೋಗಬೇಕು ಎಂದು ಹಿಂದಿಯಲ್ಲಿ ಹೇಳಿ ಹೊರಟ.

ಮೊಮ್ಮಗಳ ಹೆಸರು ಇಂಚರ. ನಾವು ಇಂಚು ಎನ್ನುತ್ತೇವೆ. ಎಂಟು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ. ಆಗ ಮನೆಯವರು ಕೇಳಿದ್ದಕ್ಕೆ "ಎಸ್", "ನೋ" ಎಂದು ಪಿಸುಗುಡುತ್ತಿದ್ದಳು. ಹೊರಗಿನವರ ಎದುರಿಗೆ ಅದೂ ಇರಲಿಲ್ಲ. ಶಾಲೆಗೆ ಸೇರಿದಾಗಿನಿಂದ ಟೀಚರ್ ಅವಳ ದನಿಯನ್ನೇ ಕೇಳಿರಲಿಲ್ಲವಂತೆ. ಡಾಕ್ಟರು ನೋಡಿ, ಗಂಟಲಿಗೇನೂ ಆಗಿಲ್ಲ, ತಾನಾಗಿ ಬರಲಿ, ಒತ್ತಾಯ ಮಾಡಬೇಡಿ ಎಂದಿದ್ದರು. ಒತ್ತಾಯ ಮಾಡದೆ ಕಾಯುವುದು ಎಂಥ ಕಷ್ಟ ಎಂಬುದು ಲತಾಳ ಮುಖ ನೋಡಿದರೆ ತಿಳಿಯುತ್ತಿತ್ತು. ಶಾಲೆಗೆ ಹೋಗಿ ಟೀಚರನ್ನು ಕಂಡು ಬಂದ ದಿನ ಅವಳು ಕಾರಿನಿಂದ ತಕ್ಷಣ ಇಳಿಯುತ್ತಿರಲಿಲ್ಲ.

ನಾವು ಹೋದಾಗ ಶಾಲೆಯಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಒಂದೊಂದು ಮಗು ನೂರು ವರ್ಷದ ಹಿಂದಿನ ಒಬ್ಬೊಬ್ಬ ದೊಡ್ಡ ಮನುಷ್ಯರ ವೇಷ ಹಾಕಿ ಬೊಂಬೆ ಹಾಗೆ ನಿಲ್ಲಬೇಕು. ಎದುರಿಗೆ ನೆಲದ ಮೇಲೆ ಕೆಂಪು ಕಾಗದದ ಬಿಲ್ಲೆ. ಬಂದವರು ಅದನ್ನು ತುಳಿದರೆ ಬೊಂಬೆಗೆ ಜೀವ ಬಂದು, ನಾನು ಇಂಥವನು, ಇಂಥದ್ದು ಮಾಡಿದೆ ಎಂದು ಹೇಳಬೇಕು. ನಮ್ಮೂರಲ್ಲಿ ಜಯಂತಿ ದಿನ ಫೋಟೋಗೆ ಹಾರ ಹಾಕಿ, ಎಲ್ಲರಿಗೂ ಬೂಂದಿ ಕೊಟ್ಟು ಮುಗಿಸುತ್ತೇವೆ. ಇವರು ಸತ್ತವರ ಬಾಯಲ್ಲೇ ಭಾಷಣ ಮಾಡಿಸುತ್ತಾರೆ.

ತಲೆ ಕೆದರಿದ ವಿಜ್ಞಾನಿ, ವಿಮಾನ ಹಾರಿಸಿದವರು, ಚಿತ್ರ ಬರೆದವರು ಎಲ್ಲರನ್ನೂ ಬೇರೆ ಮಕ್ಕಳು ಕೈಯೆತ್ತಿ ಹಿಡಿದುಕೊಂಡರು. ಇಂಚು ಬಾಯಿ ಬಿಡದಿದ್ದರಿಂದ ಅವಳಿಗೆ ಯಾರೂ ಸಿಗಲಿಲ್ಲ. ಟೀಚರ್ ಒಳ್ಳೆಯಾಕೆ. ಇಂಚರ ತನಗೆ ಬೇಕಾದವರನ್ನು ಆರಿಸಿಕೊಳ್ಳಲಿ, ವೇಷ ಹಾಕಿದ ಫೋಟೋ ತೆಗೆಸಿ ಫ್ರೇಮ್ ಹಾಕಿ ತರಲಿ, ಪಕ್ಕದಲ್ಲಿ ಕೂತರೆ ಸಾಕು, ಮಾತಾಡಬೇಕಾಗಿಲ್ಲ ಎಂದು ಹೇಳಿ ಕಳಿಸಿದಳು.

"ಫ್ರೇಮಾ? ನನ್ಗೆ ಬಿಡ್ರಮ್ಮ," ಎಂದೆ ನಾನು. ಆ ದೇಶಕ್ಕೆ ಹೋದಮೇಲೆ ನನ್ನಿಂದ ಆಗಬಹುದಾದ ಮೊದಲ ಕೆಲಸ ಅದು.

ಮೆಲ್ಬರ್ನ್

ಶಾಲೆಗೆ ರಜೆ ಬಂತು, ಅಳಿಯಂದಿರಿಗೆ ಮೆಲ್ಬರ್ನಿನಲ್ಲಿ ಆಫೀಸ್ ಕೆಲಸ ಬಂತು. ಎಲ್ಲರೂ ಹೋದೆವು. ಆ ಊರಿನಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಬನಿಯನ್, ಸಂಜೆಗೆ ಕೊಡೆ. ನನ್ನ ಹೆಂಡತಿ ಸರೋಜ ಮೂರನ್ನೂ ಒಂದು ಚೀಲದಲ್ಲಿಟ್ಟು ಹೊತ್ತುಕೊಂಡೇ ಊರು ನೋಡಿದಳು. ರಸ್ತೆ ನಡುವೆ ಟ್ರಾಮು ಬರುತ್ತದೆ. ಅಲ್ಲಿನ ದೊಡ್ಡವರು ಕಲ್ಲಿನ ಕೋಟು ಹಾಕಿಕೊಂಡು ಸರ್ಕಲ್ಲುಗಳಲ್ಲಿ ನಿಂತಿದ್ದಾರೆ. ನಮ್ಮೂರಲ್ಲಿ ಕಾಗೆ, ಅಲ್ಲಿ ಸಮುದ್ರದ ಹಕ್ಕಿ. ದೊಡ್ಡವರ ತಲೆ ಮೇಲೆ ಬೀಳುವುದು ಎರಡು ಕಡೆಯೂ ಒಂದೇ.

ಮಳೆ ಬಂತೆಂದು ಒಂದು ಚಿತ್ರಶಾಲೆಗೆ ನುಗ್ಗಿದೆವು. ಒಳಗೆ ಒಂದು ಕೋಣೆ ತುಂಬ ಆ ಕಾಲದವರ ಚಿತ್ರಗಳು: ಮೀಸೆ ತಿರುವಿದ ಕಲಾವಿದ, ಗಲ್ಲಕ್ಕೆ ಕೈಕೊಟ್ಟ ಸಾಹಿತಿ, ಹೊಟ್ಟೆಯ ಮೇಲೆ ಗಡಿಯಾರದ ಸರಪಳಿ ಬಿಟ್ಟ ಮುಖಂಡ. ಎಲ್ಲರೂ ನನಗೆ ಗುರುತಿನವರ ಹಾಗೇ ಕಂಡರು. ಒಬ್ಬರಿಗೂ ಕುಂಕುಮ ಇಲ್ಲ, ಊದುಬತ್ತಿ ಇಲ್ಲ. ಸರೋಜಳಿಗೆ ಸಂಕಟವಾಗಿ ಒಂದೊಂದು ಚಿತ್ರಕ್ಕೂ ನಿಂತು ಕೈ ಮುಗಿದು ಮುಂದೆ ಹೋದಳು. ಮೈಮೇಲೆ ಬಟ್ಟೆಯಿಲ್ಲದ ಒಬ್ಬಾಕೆಗೆ ಮಾತ್ರ ಕಣ್ಣು ಮುಚ್ಚಿಕೊಂಡು ಕೈ ಮುಗಿದಳು.

ನಾನು ಮುಖಗಳನ್ನು ಬಿಟ್ಟು ಕಟ್ಟುಗಳನ್ನು ನೋಡುತ್ತಿದ್ದೆ. ಒಂದು ಚಿನ್ನದ ಬಣ್ಣದ ಫ್ರೇಮು, ಮೂಲೆಯಲ್ಲಿ ಸಂದು ಎಲ್ಲಿ ಕೂಡಿದೆ ಎಂದೇ ತಿಳಿಯದು. ಹಿಂಬದಿಗೆ ಮೊಳೆ ಹೊಡೆದಿದ್ದಾರೋ ಅಂಟು ಹಾಕಿದ್ದಾರೋ ನೋಡೋಣ ಎಂದು ಗೋಡೆಗೆ ಕೆನ್ನೆ ಒತ್ತಿ ಇಣುಕಿದೆ. ಎಲ್ಲೋ ಕುಂಯ್ ಎಂದು ಶುರುವಾಯಿತು. ಕಾವಲಿನ ಹೆಂಗಸು ಓಡಿಬಂದಳು.

ಲತಾ ಇಂಗ್ಲಿಷಿನಲ್ಲಿ ಏನೇನೋ ಹೇಳಿ ಸಮಾಧಾನ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ಕೈ ಹಿಂದೆ ಕಟ್ಕೊಂಡು ನೋಡು," ಎಂದಳು.

"ಮುಟ್ಲಿಲ್ಲ ಕಣಮ್ಮ, ಇಣುಕ್ದೆ ಅಷ್ಟೆ."

"ಇಲ್ಲಿ ಇಣುಕೋದೂ ಮುಟ್ದಂಗೇ."

ಈ ಗಲಾಟೆಯಲ್ಲಿ ಇಂಚು ಕಾಣಲಿಲ್ಲ. ಹುಡುಕಿದರೆ ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರದ ಮುಂದೆ ನಿಂತಿದ್ದಳು. ಅಗಲ ಟೋಪಿಯ ಒಬ್ಬ ಹೆಂಗಸು, ಕೈಯಲ್ಲಿ ಬೆಂಕಿಪೊಟ್ಟಣ.

"ಬೀಡಿ ಸೇದ್ತಿದ್ಲೇನೋ," ಎಂದೆ.

ಮಹೇಶ ಕೆಳಗಿನ ಬರಹ ಓದಿದರು. "ಇಲ್ಲ ಮಾವ. ಆಕೆ ವಿಜ್ಞಾನಿ. ಜೀವನ ಪೂರ್ತಿ ಜೀರುಂಡೆ ಹಿಂದೇನೇ ಓಡಾಡಿದ್ರಂತೆ. ಹಿಡಿದಿದ್ದನ್ನ ಬೆಂಕಿಪೊಟ್ಟಣದಲ್ಲಿ ಇಟ್ಕೊಂಡು ಬರ್ತಿದ್ರಂತೆ."

ನನಗೆ ನಗು ಬಂತು. "ಅದಕ್ಕೆ ಫೋಟೋ ಹಾಕ್ತಾರೇನ್ರಿ? ಹಂಗಾದ್ರೆ ನಮ್ಮ ಬೀದಿ ಹುಡುಗರದ್ದೆಲ್ಲ ಹಾಕ್ಬೇಕು. ನಾವೂ ಬೆಂಕಿಪೊಟ್ಟಣದಲ್ಲೇ ಸಾಕ್ತಿದ್ವಿ. ಜಾಲಿ ಸೊಪ್ಪು ಹಾಕ್ತಿದ್ವಿ. ಕಾಲಿಗೆ ದಾರ ಕಟ್ಟಿ ಹಾರಿಸ್ತಿದ್ವಿ, ಗುಂಯ್ ಅಂತ."

ಇಂಚು ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಅಂಗಿಯ ತುದಿ ಎಳೆದು ಪಿಸುಗುಟ್ಟಿದಳು: "ತಾತ, ರಿಯಲಿ?"

ಆಕೆಯ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಜೀರುಂಡೆಯಮ್ಮ ಎಂದು ನಾನೇ ಹೆಸರಿಟ್ಟೆ. ಇಂಚು ಆರಿಸಿಕೊಂಡದ್ದು ಅವಳನ್ನೇ.

ಹಾರ್ಡ್‌ವೇರ್ ಅಂಗಡಿ ಮತ್ತು ಗ್ಯಾರೇಜು

ಸಿಡ್ನಿಗೆ ವಾಪಸ್ ಬಂದು ಮರ ತರಲು ಹೊರಟೆವು. ಅಲ್ಲಿನ ಹಾರ್ಡ್‌ವೇರ್ ಅಂಗಡಿ ನಮ್ಮ ಬಸ್‌ಸ್ಟ್ಯಾಂಡಿಗಿಂತ ದೊಡ್ಡದು. ರಜೆ ದಿನ ಅದರ ಬಾಗಿಲಲ್ಲೇ ಒಲೆ ಹಚ್ಚಿ ಮಾಂಸದ ಕಡ್ಡಿಯನ್ನು ಬ್ರೆಡ್ಡಿನಲ್ಲಿ ಸುತ್ತಿ ಕೊಡುತ್ತಾರೆ. ಜನ ಅದನ್ನು ತಿಂದು ಕೈ ಒರೆಸಿಕೊಂಡು ಮೊಳೆ ಕೊಳ್ಳಲು ಒಳಗೆ ಹೋಗುತ್ತಾರೆ. ಸರೋಜ ಸೆರಗು ಮೂಗಿಗೆ ಹಿಡಿದು ಕಾರಿನಲ್ಲೇ ಕೂತಳು.

ಗ್ಯಾರೇಜಿನಿಂದ ಕಾರು ಹೊರಗೆ ಹಾಕಿಸಿ ಅಲ್ಲೇ ಅಂಗಡಿ ತೆರೆದೆ. ಮರ ಕೊಯ್ದೆ, ಉಜ್ಜಿದೆ, ಬಣ್ಣ ಹಚ್ಚಿದೆ. ಇಂಚು ಡಬ್ಬದ ಮೇಲೆ ಕೂತು ನೋಡುತ್ತಿದ್ದಳು. ಕೈ ಕೆಲಸ ಮಾಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಜೀರುಂಡೆಗೆ ಯಾವ ಗಿಡದ ಎಲೆ ಇಷ್ಟ, ಅದು ಅಕ್ಕಿ ಕಾಳಿನಂಥ ಮೊಟ್ಟೆ ಹೇಗೆ ಇಡುತ್ತದೆ, ಬೆನ್ನು ಬಿಸಿಲಿಗೆ ಹೇಗೆ ಹಸಿರಾಗಿ ಮಿರುಗುತ್ತದೆ, ಮೇಷ್ಟ್ರ ಮೇಜಿನ ಮೇಲೆ ಬಿಟ್ಟವನಿಗೆ ಏನಾಯಿತು, ಎಲ್ಲ ಹೇಳಿದೆ. ಅವಳ ಉತ್ತರ ಒಂದೇ: "ದೆನ್?" ಆ ಒಂದು ಮಾತಿಗೆ ನಾನು ಇನ್ನೂ ಹತ್ತು ಕತೆ ಹೇಳಿದೆ.

ಅಗಲ ಟೋಪಿ, ಉದ್ದ ಲಂಗ, ಬೆಂಕಿಪೊಟ್ಟಣ ಕೊಟ್ಟು ನಿಲ್ಲಿಸಿ ಮಹೇಶ ಫೋಟೋ ತೆಗೆದರು. ಹಳೆಯ ಕಾಲದ್ದು ಅನ್ನಿಸಲಿ ಎಂದು ಕಪ್ಪು ಬಿಳುಪಿನಲ್ಲಿ ಪ್ಯಾರಮಟ್ಟಾದ ತಮ್ಮ ಆಫೀಸಿನ ಹತ್ತಿರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದರು. ಟೀಚರ್ ಹೇಳಿದ್ದ ಪ್ರಕಾರ ಕೆಳಗೆ ಜೀರುಂಡೆಯಮ್ಮನ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ.

ಸಂಜೆಗೆ ಗಾಜು ಕೂರಿಸಿ, ಹಿಂದೆ ರಟ್ಟು ಬಡಿದು ಮುಗಿಸಿದೆ. ಮಾರನೇ ದಿನ ಸರೋಜ ಸ್ನಾನಕ್ಕೆ ಹೋದಾಗ ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ನೇತುಹಾಕಿ ನೋಡಿದೆ. ಏನೋ ಕಡಿಮೆ ಅನ್ನಿಸಿತು. ಮಗಳ ಮನೆಯ ದೇವರಿಗೆಂದು ಊರಿನಿಂದ ಗಂಧದ ಹಾರ ತಂದಿದ್ದೆವು. ತೆಗೆದು ಹಾಕಿದೆ. ಹಣೆಗೊಂದು ಬೊಟ್ಟು ಗಂಧವನ್ನೂ ಇಟ್ಟೆ. ಕಪ್ಪು ಬಿಳುಪು ಫೋಟೋ, ಕೆಳಗೆ ಎರಡು ವರ್ಷ ಕಂಡರೆ ಹಾರ ಹಾಕದೆ ನನ್ನ ಕೈ ಅಂಗಡಿಯಿಂದ ಆಚೆ ಕಳಿಸಿದ್ದೇ ಇಲ್ಲ. ಆಗ ಸರಿಯಾಗಿ ಕಂಡಿತು. ದೊಡ್ಡವರ ಹಾಗೇ ಕಂಡಿತು.

ಸಂತೋಷ ಬಂದದ್ದು

ಹಾರ ಹಾಕಿ ಮುಗಿಸುವಷ್ಟರಲ್ಲಿ ಸಂತೋಷ ಬಂದ. ಅದು ರಜೆಯ ಕೊನೆಯ ದಿನ, ಕಾರ್ಯಕ್ರಮಕ್ಕೆ ಒಂದೇ ದಿನ ಉಳಿದಿತ್ತು. ಹಾಸನದ ಹುಡುಗ, ಓದಲು ಹೋಗಿ, ಕಾಯಂ ಇರಲು ಪಿಆರ್ ಮಾಡಿಸಿಕೊಂಡು ಅಲ್ಲೇ ನಿಂತವನು, ಮಹೇಶನ ಸ್ನೇಹಿತ. ನಮ್ಮ ಕಡೆಯ ದಿನಸಿ ಸಿಗುವ ಪೆಂಡಲ್ ಹಿಲ್‌ಗೆ ಹೋದಾಗ ನಮಗೂ ಒಂದು ಚೀಲ ಫ್ರೋಜನ್ ಅವರೆಕಾಳು ತಂದಿದ್ದ. ಬಾಗಿಲು ತೆಗೆದೆ. ಅವನು ಒಳಗೆ ನೋಡಿದವನೇ ಅಲ್ಲೇ ನಿಂತುಬಿಟ್ಟ. ಶೂ ಬಿಚ್ಚಿದ. ಅವರೆಕಾಳನ್ನು ಎದೆಗೆ ಒತ್ತಿ ಹಿಡಿದು ತಲೆ ತಗ್ಗಿಸಿದ.

"ಅಂಕಲ್," ಎಂದ ಮೆಲ್ಲಗೆ. "ಯಾವಾಗ ಆಯ್ತು?"

ನಾನು ಫ್ರೇಮು ಮೆಚ್ಚಿಕೊಂಡ ಎಂದುಕೊಂಡೆ. "ನಿನ್ನೆ ಸಾಯಂಕಾಲ ಕಣಪ್ಪ. ಗ್ಯಾರೇಜಲ್ಲೇ ಮುಗಿಸ್ದೆ."

ಸಂತೋಷ ಗೋಡೆ ಹಿಡಿದುಕೊಂಡ.

ಅಷ್ಟರಲ್ಲಿ ಇಂಚು ಚಿಪ್ಸ್ ತಿನ್ನುತ್ತ ರೂಮಿನಿಂದ ಬಂದಳು. ಸಂತೋಷನ ಕೈಯಿಂದ ಅವರೆಕಾಳು ಜಾರಿ ನೆಲಕ್ಕೆ ಬಿತ್ತು. ಅವಳು ಅವನನ್ನು ನೋಡಿದಳು, ಹಾರ ಹಾಕಿದ ತನ್ನ ಫೋಟೋ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ನಾನು ಸತ್ತಿಲ್ಲ, ಅಂಕಲ್," ಎಂದಳು.

ಸ್ಪಷ್ಟವಾಗಿ, ಕನ್ನಡದಲ್ಲಿ, ಹೊರಗಿನವನಿಗೆ. ಅಡಿಗೆಮನೆಯಿಂದ ಲತಾ ಒದ್ದೆ ಕೈಯಲ್ಲೇ ಬಂದು ನಿಂತಳು. ನಾನು ಏನೂ ಆಗದವನ ಹಾಗೆ ಬಗ್ಗಿ ಅವರೆಕಾಳಿನ ಚೀಲ ಎತ್ತಿಕೊಂಡೆ. ಒತ್ತಾಯ ಮಾಡಬಾರದು ಎಂದಿದ್ದರಲ್ಲ. ಇಂಚು ಇನ್ನೊಂದು ಚಿಪ್ಸ್ ಬಾಯಿಗೆ ಹಾಕಿಕೊಂಡು ಒಳಗೆ ಹೋದಳು.

ಆಮೇಲೆ ಸ್ನಾನ ಮುಗಿಸಿ ಸರೋಜ ಬಂದಳು. ಫೋಟೋಗೆ ಹಾರ ಬಿದ್ದದ್ದನ್ನು ಅವಳು ನೋಡಿದ್ದು ಆಗಲೇ.

"ರೀ. ಬದುಕಿರೋ ಕೂಸಿನ ಫೋಟೋಗೆ ಹಾರ ಹಾಕಿದೀರಲ್ಲ, ನಿಮ್ಮ ಕೈಗೇನು ಬುದ್ಧಿ ಇಲ್ವಾ?"

"ಅದು ಇಂಚು ಅಲ್ವೇ, ಜೀರುಂಡೆಯಮ್ಮ."

"ಮುಖ ಯಾರ್ದು?"

ಸರೋಜ ಹಾರ ತೆಗೆದಳು, ಫ್ರೇಮು ಬಿಚ್ಚಿಸಿದಳು, ಗಾಜು ತೆಗೆಸಿ ಫೋಟೋ ಈಚೆ ಎಳೆದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆ ಮೇಲೆ ಹಾಕಿದಳು. ಸೂರಿನಲ್ಲಿದ್ದ ಹೊಗೆಯ ಅಲಾರಂ ಊರಿಗೆಲ್ಲ ಕೇಳುವಂತೆ ಅರಚಿತು. ಸಂತೋಷ ಕುರ್ಚಿ ಹತ್ತಿ ಟವಲ್ ಬೀಸುತ್ತ ಕೆಮ್ಮುತ್ತಿದ್ದ. ಸಾವಿನ ಮನೆಗೆ ಬಂದೆ ಎಂದುಕೊಂಡವನಿಗೆ ಇಷ್ಟು ಕೆಲಸ ಹಚ್ಚಿದೆವು.

ಸಂಜೆ ಮಹೇಶ ಬಂದು ಎಲ್ಲ ಕೇಳಿ, ನಗು ತಡೆದುಕೊಂಡು, "ಅತ್ತೆ, ಹಾರ ತೆಗೆದಾಯ್ತಲ್ಲ, ಫೋಟೋ ಮತ್ತೆ ಹಾಕೋಣ," ಎಂದರು.

"ಕೆಳಗೆ ಸತ್ತ ವರ್ಷ ಇದೆ. ಆ ಮುಖ ಅದ್ರ ಮೇಲೆ ಕೂರಬಾರ್ದು."

"ಹಂಗಾದ್ರೆ ಆ ಲೇಡೀದೇ ಚಿತ್ರ ಪ್ರಿಂಟ್ ಹಾಕಿಸ್ತೀನಿ," ಎಂದಳು ಲತಾ. "ಇಲ್ದಿದ್ರೆ ಖಾಲಿ ಫ್ರೇಮ್ ತಗೊಂಡು ಹೋಗ್ಲಾ ಶಾಲೆಗೆ?"

ಇಂಚು ಒಳಗಿನಿಂದ ಅಗಲ ಟೋಪಿ ಹಾಕಿಕೊಂಡು ಬಂದು, ನೆಲದ ಮೇಲಿದ್ದ ಫ್ರೇಮನ್ನು ಎತ್ತಿ ನಿಲ್ಲಿಸಿ, ಹಿಂದಿನಿಂದ ಅದರೊಳಗೆ ಮುಖ ತಂದಳು. ಟೋಪಿ ಸರಿಮಾಡಿಕೊಂಡಳು. "ನೋ ಫೋಟೋ," ಎಂದು ಪಿಸುಗುಟ್ಟಿದಳು. "ಐ ವಿಲ್ ಸ್ಟ್ಯಾಂಡ್."

ನಿಲ್ಲುತ್ತಾಳೆ, ಸರಿ. ಬಿಲ್ಲೆ ತುಳಿದರೆ ಏನು ಮಾಡುತ್ತಾಳೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಸರೋಜ ಮಾತ್ರ ಹಾರವನ್ನು ನನ್ನ ಜೇಬಿಗೆ ತುರುಕಿದಳು. "ಫೋಟೋಗೆ ಹಾಕ್ಬಾರ್ದು. ಕೊರಳಿಗೆ ಹಾಕ್ಬೋದು. ಸನ್ಮಾನಕ್ಕೆ ಹಾಕಲ್ವಾ? ನಾಳೆ ಎಲ್ಲ ಮುಗಿದ ಮೇಲೆ ಹಾಕಿ."

ಶಾಲೆ

ಶಾಲೆಯ ಹಾಲ್ ತುಂಬ ಸತ್ತವರು ಸಾಲಾಗಿ ನಿಂತಿದ್ದರು. ಕನ್ನಡಕದ ವೈಮಾನಿಕ, ಅಂಟಿಸಿದ ಗಡ್ಡ ಒಂದು ಕಡೆ ಬಿಟ್ಟುಕೊಂಡ ಕಲಾವಿದ. ಒಬ್ಬ ಸಾಹಿತಿ ಮೂಗು ಕೆರೆದುಕೊಂಡು ಮತ್ತೆ ಕಲ್ಲಾದ. ಕೊನೆಯಲ್ಲಿ ನನ್ನ ಫ್ರೇಮು, ಅದರೊಳಗೆ ಇಂಚು, ಬಿಳಿಚಿಕೊಂಡ ಮುಖ. ರಾತ್ರಿಯೇ ಫ್ರೇಮಿಗೆ ಎರಡು ಮರದ ಕಾಲು ಜೋಡಿಸಿ ಆನಿಕೆ ಕೊಟ್ಟಿದ್ದೆ, ಅಲುಗಾಡುತ್ತಿರಲಿಲ್ಲ. ಅವಳು ಒಂದು ಕೈಯಲ್ಲಿ ಅದನ್ನು, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡಿದ್ದಳು.

ಒಬ್ಬಾಕೆ ಬಂದು ಬಿಲ್ಲೆ ತುಳಿದಳು. ಇಂಚು ತುಟಿ ತೆರೆದಳು, ಮುಚ್ಚಿದಳು. ಆಕೆ ನಕ್ಕು ಮುಂದೆ ಹೋದಳು. ಇನ್ನೊಬ್ಬ ತುಳಿದ, ಕಾದ, ಹೋದ. ಮೂರನೆಯವರು ತುಳಿಯದೆಯೇ ಹೋದರು. ಲತಾ ಗೋಡೆಯ ಕಡೆ ತಿರುಗಿ ಚೀಲದಲ್ಲಿ ಏನೋ ಹುಡುಕತೊಡಗಿದಳು. ಏನನ್ನೂ ಹುಡುಕುತ್ತಿಲ್ಲ ಎಂದು ನನಗೆ ಗೊತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎಲ್ಲ ಮುಗಿದ ಮೇಲೆ ಹಾಕಬೇಕಾದ ಹಾರ ಜೇಬಿನಿಂದ ತೆಗೆದೆ. ಸಭೆಯಲ್ಲಿ ಅತಿಥಿಗಳಿಗೆ ಹಾಕುವ ಹಾಗೆ ಫ್ರೇಮಿನೊಳಗೆ ಕೈ ಚಾಚಿ ಅವಳ ಕೊರಳಿಗೆ ಹಾಕಿದೆ. ಎರಡು ಹೆಜ್ಜೆ ಹಿಂದೆ ಬಂದು ಕೈ ಮುಗಿದೆ. ಬಿಲ್ಲೆಯನ್ನು ಜೋರಾಗಿ ತುಳಿದೆ.

"ನಮಸ್ಕಾರ ಕಣಮ್ಮ ಜೀರುಂಡೆಯಮ್ಮ," ಎಂದೆ. "ನಾನು ತುಮಕೂರಿನೋನು. ನಿನ್ನ ನೋಡಾಕೆ ಅಂತ್ಲೇ ವಿಮಾನ ಹತ್ತಿ ಬಂದೆ. ಆ ಪೊಟ್ಟಣದಲ್ಲಿ ಏನೈತೆ ತಾಯಿ?"

ಅವಳು ನನ್ನನ್ನೇ ನೋಡಿದಳು. ಹಾರದ ಮೇಲೆ ಕೈಯಿಟ್ಟಳು.

"ಜೀರುಂಡೆ," ಎಂದಳು.

"ಒಂದಾ ಎರಡಾ?"

"ಒಂದು. ಮೊಟ್ಟೆ ಇಟ್ಟಿದೆ. ಅಕ್ಕಿ ಥರ ಇರತ್ತೆ. ನಾನು ಡೈಲಿ ಜಾಲಿ ಸೊಪ್ಪು ಹಾಕ್ತೀನಿ."

ಆಮೇಲೆ ಶುರುವಾಯಿತು ನೋಡಿ. ಜೀರುಂಡೆ ಬೆನ್ನು ಹೇಗೆ ಮಿರುಗುತ್ತದೆ, ಕಾಲಿಗೆ ದಾರ ಕಟ್ಟುವಾಗ ಗಂಟು ಹೇಗೆ ಸಡಿಲ ಇರಬೇಕು, ಮೇಷ್ಟ್ರ ಮೇಜಿನ ಮೇಲೆ ಬಿಟ್ಟರೆ ಎಷ್ಟು ಏಟು ಬೀಳುತ್ತದೆ, ಎಲ್ಲ ಬಂತು. ಮೆಲ್ಬರ್ನಿನ ಆ ಹೆಂಗಸು ಬೇಸಿಗೆ ರಜೆಯಲ್ಲಿ ತುಮಕೂರಿನ ಕೆರೆ ಏರಿ ಮೇಲೆ ಚಡ್ಡಿ ಹಾಕಿಕೊಂಡು ಓಡಾಡಿದಳು ಎಂದೂ ಬಂತು. ಆ ಪುಣ್ಯಾತ್ಮೆ ನಮ್ಮ ಜಿಲ್ಲೆಯ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ನಾನು ತಿದ್ದಲು ಹೋಗಲಿಲ್ಲ.

ಸುತ್ತ ಜನ ಸೇರಿದರು. ಒಂದಕ್ಷರ ಅರ್ಥವಾಗದೆ ಅಲುಗಾಡದೆ ನಿಂತು ಕೇಳಿದರು. ಟೀಚರ್ ಜನರ ಹಿಂದಿನಿಂದ ಬಂದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಬಗ್ಗಿ, ನಮಗೂ ಇಂಗ್ಲಿಷಿನಲ್ಲಿ ಹೇಳುತ್ತೀಯಾ ಎಂದು ಕೇಳಿದಳು. ಲತಾ ಕಣ್ಣು ಮುಚ್ಚಿಕೊಂಡಳು.

ಇಂಚು ನೆಲ ನೋಡಿದಳು. "ಬಿಲ್ಲೆ," ಎಂದಳು ನನಗೆ.

ನಾನು ಪಕ್ಕಕ್ಕೆ ಸರಿದೆ. ಟೀಚರ್ ಬಿಲ್ಲೆ ತುಳಿದಳು. ಇಂಚು ಮೊದಲಿನಿಂದ ಶುರು ಮಾಡಿದಳು, ಇಂಗ್ಲಿಷಿನಲ್ಲಿ, ದಾರ, ಜಾಲಿ, ಮೇಷ್ಟ್ರು ಯಾರನ್ನೂ ಬಿಡದೆ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ವೈಮಾನಿಕನೂ ತಾನು ಬೊಂಬೆ ಎಂಬುದು ಮರೆತು ತಟ್ಟಿದ. ಸರೋಜ ಪಕ್ಕದಲ್ಲಿದ್ದ ಗುರುತಿಲ್ಲದ ಒಬ್ಬ ಬಿಳಿಯ ಹೆಂಗಸಿನ ಕೈ ಹಿಡಿದುಕೊಂಡು, "ನಮ್ಮ ಮೊಮ್ಮಗಳು, ನಮ್ಮ ಮೊಮ್ಮಗಳು," ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಆಕೆಯೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು.

ಆ ಸಂಜೆಯ ಊಟ

ಸಂತೋಷನನ್ನೂ ಕರೆದೆವು. ಸರೋಜ ಶಾವಿಗೆ ಪಾಯಸ, ಚಿತ್ರಾನ್ನ, ಹೀರೇಕಾಯಿ ಬಜ್ಜಿ, ಹಿಸುಕಿದ ಅವರೆಕಾಳಿನ ಸಾರು ಮಾಡಿದ್ದಳು. ಎಲ್ಲರೂ ಒಂದೇ ಮೇಜಿಗೆ ಕೂತೆವು.

ಇಂಚು ಸಂತೋಷನ ಪಕ್ಕ ಕೂತು ಶುರು ಮಾಡಿದಳು. ವೈಮಾನಿಕ ಮಾತು ಮರೆತದ್ದು, ಕಲಾವಿದನ ಗಡ್ಡ ನೀರಿನ ಲೋಟಕ್ಕೆ ಬಿದ್ದದ್ದು, ಅವನು ಅದೇ ನೀರು ಕುಡಿದದ್ದು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ತಟ್ಟೆಯಲ್ಲಿ ಸಾರು ಆರಿತು, ಬಜ್ಜಿ ಮೆತ್ತಗಾಯಿತು. ಅವಳು ತುತ್ತು ಎತ್ತುತ್ತಿದ್ದಳು, ಕೈ ಬಾಯಿಗೆ ಹೋಗುವ ಮುಂಚೆ ಇನ್ನೊಂದು ನೆನಪಾಗುತ್ತಿತ್ತು, ತುತ್ತು ಮತ್ತೆ ತಟ್ಟೆಗೆ ಇಳಿಯುತ್ತಿತ್ತು.

ಬಡಿಸುತ್ತಿದ್ದ ಲತಾ, "ಇಂಚು, ಸಾಕು ಮಾತು. ಮೊದ್ಲು ಊಟ ಮಾಡು," ಎಂದಳು.

ಅಂದವಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಮಹೇಶ ತಲೆಯೆತ್ತಿ ಅವಳನ್ನು ನೋಡಿದರು. ಲತಾ ಮೆಲ್ಲಗೆ ಕುರ್ಚಿಯಲ್ಲಿ ಕೂತಳು, ಕಣ್ಣು ಒರೆಸಿಕೊಳ್ಳುತ್ತ ನಗತೊಡಗಿದಳು.

ಇಂಚು ತಾಯಿಯನ್ನು ನೋಡಿದಳು. "ಅಮ್ಮ, ನಾನಿನ್ನೂ ಮುಗಿಸಿಲ್ಲ," ಎಂದಳು. "ಮಧ್ಯ ಬಾಯಿ ಹಾಕ್ಬೇಡ."

ಲತಾ ಹಾಕಲಿಲ್ಲ. ನಾವು ಯಾರೂ ಹಾಕಲಿಲ್ಲ.